ಚಕ್ರ ನಿಂತರೂ ಕಂತು ನಿಲ್ಲದು: ಟ್ರಕ್ ಮಾಲೀಕ-ಚಾಲಕರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ಟ್ರಕ್ ಓಡಿಸುತ್ತಿರುವ, ಓಡಿಸಬೇಕೆಂದಿರುವ ಓದುಗರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಕೇಳಿದ ರೀತಿ ಬೇರೆಯಾದರೂ ಬಹುತೇಕರ ಚಿಂತೆ ಒಂದೇ: ಬಾಡಿಗೆ ದೊಡ್ಡದಾಗಿ ಕಾಣುತ್ತದೆ, ಕೈಗೆ ಮಾತ್ರ ಸಿಗುತ್ತಿಲ್ಲ. ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ಎರಡು ವರ್ಷದಿಂದ ಕಂಪನಿ ಡ್ರೈವರ್ ಆಗಿದ್ದೇನೆ. ಈಗ ಕಂಪನಿಯವರೇ ಲೀಸ್-ಪರ್ಚೇಸ್‌ನಲ್ಲಿ ಟ್ರಕ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಮುಂಗಡ ಬೇಡ, ಕ್ರೆಡಿಟ್ ನೋಡುವುದಿಲ್ಲ, ವಾರಕ್ಕೆ 850 ಡಾಲರ್, ಮೂರು ವರ್ಷ. ಕೊನೆಯಲ್ಲಿ 10,000 ಕಟ್ಟಿದರೆ ಟ್ರಕ್ ನನ್ನದು. ಬಾಡಿಗೆಯಲ್ಲಿ ನೂರಕ್ಕೆ 70 ಪಾಲು ನನಗೆ. ಸೇರಬಹುದೇ?
– ಡಲ್ಲಾಸ್

ಉತ್ತರ: ಮೊದಲು ಒಂದು ಗುಣಾಕಾರ. 850 ಡಾಲರ್‌ನಂತೆ 156 ವಾರಕ್ಕೆ 1,32,600. ಕೊನೆಯ ಕಂತು ಸೇರಿ 1,42,600 ಡಾಲರ್. ಅದೇ ವರ್ಷದ, ಅದೇ ಮಾಡೆಲ್‌ನ, ಅಷ್ಟೇ ಮೈಲಿ ಓಡಿದ ಟ್ರಕ್ ಹೊರಗೆ ಎಷ್ಟಕ್ಕೆ ಸಿಗುತ್ತದೆ ಎಂದು ಮೂರು ಕಡೆ ವಿಚಾರಿಸಿ. ಮುಂಗಡ ಬೇಡ ಎಂದವರು ಅದನ್ನು ಎಲ್ಲಿ ಸೇರಿಸಿದ್ದಾರೆಂಬುದು ಆಗ ಗೊತ್ತಾಗುತ್ತದೆ.

ಇನ್ನು ವಾರದ ಲೆಕ್ಕ. ನಿಮ್ಮ ಷರತ್ತುಗಳನ್ನೇ ಇಟ್ಟುಕೊಂಡು ಒಂದು ಮಾದರಿ ಮಾಡೋಣ. ವಾರಕ್ಕೆ 2,500 ಮೈಲಿ ಓಡಿದಿರಿ. ಅದರಲ್ಲಿ 2,150 ಲೋಡಿನ ಮೈಲಿ, 350 ಖಾಲಿ. ಲೋಡಿನ ಮೈಲಿಗೆ ಬಾಡಿಗೆ 2.20 ಡಾಲರ್ ಎಂದರೆ 4,730, ಅದರಲ್ಲಿ ನಿಮ್ಮ 70 ಪಾಲು 3,311. ಡೀಸೆಲ್ ಸರ್‌ಚಾರ್ಜ್ (ಡೀಸೆಲ್ ಖರ್ಚಿಗೆಂದು ಬಾಡಿಗೆಯ ಮೇಲೆ ಸೇರಿಸುವ ಹಣ) ಲೋಡಿನ ಮೈಲಿಗೆ 40 ಸೆಂಟ್ ಪೂರ್ತಿ ನಿಮಗೇ ಬಂತೆಂದರೆ 860. ಒಟ್ಟು 4,171 ಡಾಲರ್. ವಾರಕ್ಕೆ ನಾಲ್ಕು ಸಾವಿರ ಎಂದು ಜಾಹೀರಾತಿನಲ್ಲಿ ಕಾಣುವುದು ಈ ಸಂಖ್ಯೆ.

ಕಳೆಯುವುದು ಈಗ ಶುರು. ಗ್ಯಾಲನ್‌ಗೆ 6.5 ಮೈಲಿ, ಡೀಸೆಲ್ 4 ಡಾಲರ್ ಎಂದುಕೊಂಡರೆ 385 ಗ್ಯಾಲನ್, 1,540 ಡಾಲರ್. ಟ್ರಕ್ ಕಂತು 850. ಟ್ರೇಲರ್ ಬಾಡಿಗೆ 150. ಬಾಬ್‌ಟೇಲ್ (ಟ್ರೇಲರ್ ಇಲ್ಲದೆ ಓಡುವಾಗಿನದು), ಫಿಸಿಕಲ್ ಡ್ಯಾಮೇಜ್, ಅಪಘಾತ ವಿಮೆ ಸೇರಿ 160. ರಿಪೇರಿ ನಿಧಿಗೆ ಮೈಲಿಗೆ 15 ಸೆಂಟ್‌ನಂತೆ 375. ಪ್ಲೇಟು, ಪರ್ಮಿಟ್ಟು, ಇಎಲ್‌ಡಿ (ಡ್ಯೂಟಿ ಸಮಯ ದಾಖಲಿಸುವ ಯಂತ್ರ) 60. ಡೆಫ್ (ಹೊಗೆ ಶುದ್ಧಿಗೆ ಹಾಕುವ ದ್ರವ), ಟೋಲ್, ತೂಕ, ಪಾರ್ಕಿಂಗ್ 90. ಒಟ್ಟು 3,225. ಉಳಿದದ್ದು 946 ಡಾಲರ್, ಅದೂ ತೆರಿಗೆಗೆ ಮುಂಚೆ. 70 ಗಂಟೆ ಡ್ಯೂಟಿ ಮಾಡಿದ್ದರೆ ಗಂಟೆಗೆ ಹದಿಮೂರೂವರೆ ಡಾಲರ್ ಬಿತ್ತು. ಈಗ ಕಂಪನಿ ಡ್ರೈವರ್ ಆಗಿ ನಿಮಗೆ ಬರುತ್ತಿರುವ ಸಂಬಳ, ಆರೋಗ್ಯ ವಿಮೆ, ರಜೆ ಎಲ್ಲವನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಇದು ಒಳ್ಳೆಯ ವಾರ. ಟ್ರಕ್ ಒಂದು ವಾರ ಶೆಡ್‌ನಲ್ಲಿ ನಿಂತಿತು ಎಂದುಕೊಳ್ಳಿ. ಡೀಸೆಲ್ ಖರ್ಚಿಲ್ಲ, ಸರಿ. ಆದರೆ ಕಂತು, ಟ್ರೇಲರ್, ವಿಮೆ, ಪರ್ಮಿಟ್ ಸೇರಿ 1,220 ಡಾಲರ್ ಓಡಿದರೂ ಕಟ್ಟಬೇಕು, ಓಡದಿದ್ದರೂ ಕಟ್ಟಬೇಕು. ಒಂದು ಒಳ್ಳೆಯ ವಾರದ ದುಡಿಮೆಯನ್ನು ಒಂದು ಖಾಲಿ ವಾರ ಪೂರ್ತಿ ನುಂಗಿ, ಮೇಲೆ 274 ಡಾಲರ್ ಸಾಲ ಹೊರಿಸುತ್ತದೆ. ಲೀಸ್-ಪರ್ಚೇಸ್‌ನಲ್ಲಿ ಮುಳುಗಿದವರ ಸೆಟಲ್‌ಮೆಂಟ್ ಚೀಟಿ (ಕಂಪನಿ ಕೊಡುವ ಜಮಾ-ಕಡಿತದ ಲೆಕ್ಕ) ನೋಡಿದರೆ ಹೆಚ್ಚಿನವರು ಎಡವಿರುವುದು ಇಲ್ಲೇ. ಸೋಮಾರಿತನದಿಂದ ಯಾರೂ ಮುಳುಗಿದ್ದಲ್ಲ.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಕಂತು ವಸೂಲಿ ಮಾಡುವವರೂ, ಲೋಡು ಕೊಡುವವರೂ ಒಬ್ಬರೇ. ಮೈಲಿ ಕಡಿಮೆ ಕೊಟ್ಟರೆ ನಿಮಗೆ ಕಂತು ಕಟ್ಟಲಾಗುವುದಿಲ್ಲ. ಕಟ್ಟದಿದ್ದರೆ ಟ್ರಕ್ ವಾಪಸ್ಸು ಅವರಿಗೇ, ಮತ್ತೊಬ್ಬ ಡ್ರೈವರ್‌ಗೆ ಅದೇ ಟ್ರಕ್ ಮತ್ತೆ ಲೀಸ್. 2021ರ ಮೂಲಸೌಕರ್ಯ ಕಾಯ್ದೆಯಡಿ ರಚನೆಯಾದ ಟ್ರಕ್ ಲೀಸಿಂಗ್ ಟಾಸ್ಕ್ ಫೋರ್ಸ್ ಇದನ್ನೆಲ್ಲ ಪರಿಶೀಲಿಸಿ, ಇಂಥ ಲೀಸ್-ಪರ್ಚೇಸ್ ಯೋಜನೆಗಳನ್ನೇ ನಿಷೇಧಿಸಬೇಕೆಂದು 2025ರ ಆರಂಭದಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಶಿಫಾರಸು ಮಾಡಿತು. ಕಾನೂನು ಆಗುವವರೆಗೆ ಎಚ್ಚರ ನಿಮ್ಮದೇ.

ಆದರೂ ಸೇರಲೇಬೇಕೆಂದರೆ ಸಹಿಗೆ ಮುಂಚೆ ಇವಿಷ್ಟಕ್ಕೆ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ: ಈ ಟ್ರಕ್ಕನ್ನು ಬೇರೆ ಕಂಪನಿಗೆ ಹಚ್ಚಿ ಓಡಿಸಬಹುದೇ? ನಡುವೆ ಬಿಟ್ಟರೆ ಉಳಿದ ಕಂತೆಲ್ಲ ಒಟ್ಟಿಗೆ ಕೇಳುತ್ತಾರೆಯೇ, ಕೀಲಿ ಕೊಟ್ಟು ಹೋಗಬಹುದೇ? ರಿಪೇರಿ ನಿಧಿಯಲ್ಲಿ ಉಳಿದ ಹಣ ಯಾರದು? ಟ್ರಕ್ ಶೆಡ್‌ನಲ್ಲಿದ್ದಾಗ ಕಂತಿಗೆ ವಿನಾಯಿತಿ ಇದೆಯೇ? ಮೊದಲನೆಯದಕ್ಕೆ "ಇಲ್ಲ" ಎಂದರೆ ಅಲ್ಲಿಗೇ ನಿಲ್ಲಿಸಿ. ಕ್ರೆಡಿಟ್ ಸರಿಪಡಿಸಿಕೊಂಡು, ಇನ್ನೊಂದು ವರ್ಷ ಸಂಬಳದಲ್ಲಿ ಓಡಿಸಿ, ಮುಂಗಡದ ಹಣ ಕೂಡಿಟ್ಟು ಹಳೆಯ ಟ್ರಕ್ ಕೊಳ್ಳುವುದು ನಿಧಾನದ ದಾರಿ. ಆದರೆ ಆ ಟ್ರಕ್ ನಿಮ್ಮ ಮಾತು ಕೇಳುತ್ತದೆ.

ಪ್ರಶ್ನೆ: ಸ್ವಂತ ಟ್ರಕ್ಕನ್ನು ಒಂದು ಕಂಪನಿಗೆ ಲೀಸ್‌ಗೆ ಹಚ್ಚಿದ್ದೆ. ಬಿಟ್ಟು ಮೂರು ತಿಂಗಳಾಯಿತು, 2,500 ಡಾಲರ್ ಎಸ್ಕ್ರೋ (ಠೇವಣಿಯಾಗಿ ಹಿಡಿದಿಟ್ಟ) ಹಣ ಕೊಡುತ್ತಿಲ್ಲ. ಬಾಡಿಗೆಯ ನಿಜವಾದ ಮೊತ್ತವನ್ನೂ ಒಮ್ಮೆಯೂ ತೋರಿಸಲಿಲ್ಲ.
– ಕೊಲಂಬಸ್, ಒಹಾಯೊ

ಉತ್ತರ: ಎರಡೂ ನಿಮ್ಮ ಹಕ್ಕು. ಫೆಡರಲ್ ನಿಯಮಾವಳಿಯ 49ನೇ ಶೀರ್ಷಿಕೆಯ 376ನೇ ಭಾಗ, ಟ್ರುತ್-ಇನ್-ಲೀಸಿಂಗ್ ಎಂದು ಕರೆಯುವುದು, ಇದನ್ನೆಲ್ಲ ಬಿಡಿಸಿ ಹೇಳುತ್ತದೆ. ಲೀಸ್ ಮುಗಿದ 45 ದಿನದೊಳಗೆ ಎಸ್ಕ್ರೋ ಹಣ ಹಿಂದಿರುಗಿಸಬೇಕು. ಏನಾದರೂ ಕಡಿತ ಮಾಡಿಕೊಂಡರೆ ಬಾಬ್ತುವಾರು ಲೆಕ್ಕ ಕೊಡಬೇಕು. ಹಣ ಅವರ ಕೈಯಲ್ಲಿದ್ದಷ್ಟು ದಿನಕ್ಕೆ ಬಡ್ಡಿಯೂ ಸೇರಬೇಕು. ಪರ್ಸೆಂಟೇಜ್ ಲೆಕ್ಕದಲ್ಲಿ ದುಡಿಯುವವರಿಗೆ ಸೆಟಲ್‌ಮೆಂಟ್ ಸಮಯಕ್ಕೆ ಅಥವಾ ಅದಕ್ಕೂ ಮುಂಚೆ, ದರ ನಮೂದಿಸಿದ ಫ್ರೈಟ್ ಬಿಲ್ಲಿನ ಪ್ರತಿ ಕೊಡಬೇಕು. ಡೆಲಿವರಿ ಕಾಗದ ಒಪ್ಪಿಸಿದ 15 ದಿನದೊಳಗೆ ಪಾವತಿಯಾಗಬೇಕು. ಡೀಸೆಲ್, ಟೈರ್, ವಿಮೆ ನಮ್ಮಲ್ಲೇ ಕೊಳ್ಳಬೇಕು ಎಂದು ಲೀಸ್‌ಗೆ ಷರತ್ತು ಹಾಕುವಂತಿಲ್ಲ.

ಮೊದಲು ಲೀಸ್ ಕರಾರು, ಲೀಸ್ ಮುಗಿಸಿದ ಪತ್ರ, ಪ್ಲೇಟು ಮತ್ತು ಇಎಲ್‌ಡಿ ವಾಪಸ್ಸು ಕೊಟ್ಟ ರಸೀದಿ, ಎಸ್ಕ್ರೋ ಕಡಿತ ಕಾಣುವ ಎಲ್ಲ ಸೆಟಲ್‌ಮೆಂಟ್ ಚೀಟಿ ಒಟ್ಟು ಮಾಡಿ. ಪ್ಲೇಟು ಹಿಂದಿರುಗಿಸಿದ ರಸೀದಿ ಇಲ್ಲದಿದ್ದರೆ ಕಂಪನಿಗಳು ಅದನ್ನೇ ನೆಪ ಮಾಡುತ್ತವೆ. ಮೊತ್ತ, ದಿನಾಂಕ, 376ನೇ ಭಾಗದ ಉಲ್ಲೇಖ ಹಾಕಿ, 10 ದಿನ ಗಡುವು ಕೊಟ್ಟು ಸರ್ಟಿಫೈಡ್ ಅಂಚೆಯಲ್ಲಿ ಪತ್ರ ಕಳಿಸಿ. ಫೋನಿನಲ್ಲಿ ಜಗಳವಾಡಬೇಡಿ, ಅದಕ್ಕೆ ದಾಖಲೆ ಇರುವುದಿಲ್ಲ. ಉತ್ತರ ಬರದಿದ್ದರೆ ಟ್ರಕ್ ಸಾಗಣೆ ಸುರಕ್ಷತೆಯ ಫೆಡರಲ್ ಇಲಾಖೆಯಾದ ಎಫ್‌ಎಂಸಿಎಸ್‌ಎಗೆ ದೂರು ಕೊಡಿ. ಆದರೆ ಹಣ ವಸೂಲಿ ಮಾಡಿಕೊಡುವುದು ಆ ಇಲಾಖೆಯ ಕೆಲಸವಲ್ಲ. ಅದಕ್ಕೆ ಕೋರ್ಟ್ ದಾರಿಯೇ. ಈ ನಿಯಮ ಮುರಿದವರ ಮೇಲೆ ಡ್ರೈವರ್ ನೇರವಾಗಿ ದಾವೆ ಹೂಡಬಹುದು, ಗೆದ್ದರೆ ವಕೀಲರ ಶುಲ್ಕವೂ ಸಿಗಬಹುದು. ಕರಾರಿನಲ್ಲಿ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಷರತ್ತು ಇದೆ, ಕೋರ್ಟಿಗೆ ಹೋಗುವಂತಿಲ್ಲ ಎಂದು ಹೆದರಿಸಿದರೆ ವಕೀಲರನ್ನು ಕಾಣಿ. ಅಂತರರಾಜ್ಯ ಸಾಗಣೆಯ ಗುತ್ತಿಗೆ ಚಾಲಕರಿಗೂ ಫೆಡರಲ್ ಆರ್ಬಿಟ್ರೇಷನ್ ಕಾಯ್ದೆಯಿಂದ ವಿನಾಯಿತಿ ಇದೆಯೆಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಪ್ರಶ್ನೆ: ಹಳೆಯ ಟ್ರಕ್ ಕೊಳ್ಳುವಾಗ ಮೆಕ್ಯಾನಿಕ್ ಬರುವ ಮುಂಚೆ ನಾನೇ ಏನೇನು ನೋಡಬಹುದು?
– ಸ್ಯಾಕ್ರಮೆಂಟೊ

ಉತ್ತರ: ಎಂಜಿನ್ ತಣ್ಣಗಿರುವಾಗ ಹೋಗಿ, ಮುಂಚೆಯೇ ಹಾಗೆಂದು ಹೇಳಿ. ನೀವು ಹೋಗುವಷ್ಟರಲ್ಲಿ ಅದು ಬಿಸಿಯಾಗಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗುವ ತೊಂದರೆಯನ್ನು ಮುಚ್ಚಿಟ್ಟಿರಬಹುದು.

ಎಂಜಿನ್ ಕಾದ ಮೇಲೆ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಂತೆ) ಬಿಟ್ಟು, ಆಯಿಲ್ ತುಂಬುವ ಬಾಯಿಯ ಮುಚ್ಚಳವನ್ನು ನಿಧಾನ ತಿರುಗಿಸಿ ತೆಗೆಯಿರಿ. ತಲೆಕೆಳಗಾಗಿಸಿ ಅದೇ ಬಾಯಿಯ ಮೇಲೆ ಸುಮ್ಮನೆ ಇಡಿ. ತೆಳುವಾದ ಆವಿ ಬಂದು ಮುಚ್ಚಳ ಅಲ್ಲೇ ಕೂತರೆ ಒಳ್ಳೆಯದು. ಕುಣಿದು ಜಾರಿ ಬಿದ್ದರೆ, ಅಥವಾ ಬಿಳಿ ಹೊಗೆ ದಬದಬ ಉಗುಳಿದರೆ, ಪಿಸ್ಟನ್ ರಿಂಗ್ ಸವೆದು ಉರಿದ ಅನಿಲ ಕೆಳಗಿನ ಆಯಿಲ್ ಕಡೆ ನುಗ್ಗುತ್ತಿದೆ ಎಂದು ಅರ್ಥ. ಎಂಜಿನ್ ಬಿಚ್ಚಿ ಕಟ್ಟುವ ಖರ್ಚು 20,000 ಡಾಲರ್ ಸಲೀಸಾಗಿ ದಾಟುತ್ತದೆ. ಕ್ರ್ಯಾಂಕ್‌ಕೇಸ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಇದೇ ರೀತಿ ಒತ್ತಡ ಕಾಣಿಸಬಹುದು. ಅದನ್ನು ಬದಲಿಸಿ ಇನ್ನೊಮ್ಮೆ ಪರೀಕ್ಷಿಸಿದ ಮೇಲೆ ತೀರ್ಮಾನಕ್ಕೆ ಬನ್ನಿ.

ಆಮೇಲೆ ಎಂಜಿನ್ ಆರಿಸಿ, ಸೈಲೆನ್ಸರ್ ಬಾಯಿ ತಣ್ಣಗಾದ ಮೇಲೆ ಒಳಗೆ ಬಿಳಿ ಬಟ್ಟೆ ಆಡಿಸಿ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಸರಿಯಿದ್ದರೆ ಬಟ್ಟೆಗೆ ಹೆಚ್ಚುಕಡಿಮೆ ಏನೂ ಅಂಟುವುದಿಲ್ಲ. ಕಾಡಿಗೆಯ ಹಾಗೆ ಕಪ್ಪು ಹತ್ತಿದರೆ ಫಿಲ್ಟರ್ ಬಿರುಕು ಬಿಟ್ಟಿದೆ, ಇಲ್ಲವೇ ಯಾರೋ ಕಿತ್ತುಹಾಕಿದ್ದಾರೆ. ಕಿತ್ತಿರುವುದು ಕ್ಲೀನ್ ಏರ್ ಕಾಯ್ದೆಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಗಾಡಿ ಓಡಿಸುವ ಮಾತೇ ಬೇಡ.

ಕೂಲೆಂಟ್ ಟ್ಯಾಂಕ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ. ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ತಣಿಸುವ ಭಾಗ) ಒಡೆದಿರಬಹುದು. ಆ ಕೂಲೆಂಟ್ ಉರಿದು ಹೋಗಿ ಡಿಪಿಎಫ್ ಫಿಲ್ಟರನ್ನೂ ಕೆಡಿಸುತ್ತದೆ, ಒಂದು ರಿಪೇರಿ ಎರಡಾಗುತ್ತದೆ. ಮುಂದಿನ ಟೈರಿನ ಮೈಮೇಲೆ ಅಂಗೈ ಆಡಿಸಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದಂತೆ ಚುಚ್ಚಿದರೆ ಅಲೈನ್‌ಮೆಂಟ್ ಅಥವಾ ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗುವ ಕೀಲು) ಹೋಗಿದೆ. ಮುಂದಿನ ಟೈರಿನ ಗೀರಿನ ಆಳ ಇಂಚಿನ 32ನೇ ಭಾಗದ 4ಕ್ಕಿಂತ ಕಡಿಮೆ, ಉಳಿದವುಗಳದ್ದು 2ಕ್ಕಿಂತ ಕಡಿಮೆ ಇರುವಂತಿಲ್ಲ. ಹತ್ತಿರ ಬಂದಿದ್ದರೆ ಹೊಸ ಟೈರಿನ ಹಣ ಬೆಲೆಯಲ್ಲಿ ಕಳೆಯಿರಿ.

ಉಳಿದದ್ದು ಮೆಕ್ಯಾನಿಕ್ಕಿಗೆ. ಎಂಜಿನ್ ಕಂಪ್ಯೂಟರ್ ವರದಿಯಲ್ಲಿ ಒಟ್ಟು ಗಂಟೆ, ಐಡಲ್ ಗಂಟೆ, ರೀಜೆನ್ (ಡಿಪಿಎಫ್‌ನ ಮಸಿಯನ್ನು ಸುಟ್ಟು ತೆಗೆಯುವ ಕ್ರಿಯೆ) ಎಷ್ಟು ಬಾರಿ ಆಗಿದೆ ಎಂಬುದನ್ನು ತೆಗೆಸಿ. ಅರ್ಧ ಆಯಸ್ಸು ನಿಂತಲ್ಲೇ ಉರಿದ ಎಂಜಿನ್ನಿನ ಮೈಲಿಮೀಟರ್ ನಂಬಬೇಡಿ. ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ: ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿದ್ದರೆ ಕೂಲೆಂಟ್ ಸೇರಿರಬಹುದು, ಸಿಲಿಕಾನ್ ಎಂದರೆ ಧೂಳು, ತಾಮ್ರ ಮತ್ತು ಸೀಸ ಎಂದರೆ ಬೇರಿಂಗ್ ಸವೆತ. ಆಯಿಲ್ ನಿನ್ನೆ ತಾನೇ ಬದಲಿಸಿದ್ದರೆ ಈ ಪರೀಕ್ಷೆ ಏನೂ ಹೇಳುವುದಿಲ್ಲ.

ಪ್ರಶ್ನೆ: ಕಂಪನಿಗೆ ಹಚ್ಚಿ ಓಡಿಸುವುದು ಬಿಟ್ಟು ಸ್ವಂತ ಅಥಾರಿಟಿ (ನಮ್ಮದೇ ಹೆಸರಲ್ಲಿ ಸರಕು ಸಾಗಿಸುವ ಪರವಾನಗಿ) ತೆಗೆದರೆ ಕಂಪನಿ ಹಿಡಿಯುವ ನೂರಕ್ಕೆ 30 ಉಳಿಯುತ್ತದಲ್ಲವೇ?
– ಅಟ್ಲಾಂಟಾ

ಉತ್ತರ: ಉಳಿಯುವುದಿಲ್ಲ, ಬೇರೆ ಕಡೆ ಖರ್ಚಾಗುತ್ತದೆ. ಆ 30ರಲ್ಲಿ ಕಂಪನಿ ಮುಖ್ಯ ವಿಮೆ ಕಟ್ಟುತ್ತಿತ್ತು, ಲೋಡು ಹುಡುಕುತ್ತಿತ್ತು, ಬ್ರೋಕರ್ ಹಣ ಕೊಡುವ ಮುಂಚೆಯೇ ನಿಮಗೆ ಕೊಡುತ್ತಿತ್ತು. ಅರ್ಜಿ ಶುಲ್ಕ 300 ಡಾಲರ್ ಮಾತ್ರ, ದೊಡ್ಡ ಖರ್ಚು ವಿಮೆಯದು. ಸಾಮಾನ್ಯ ಸರಕಿಗೆ ಕಾನೂನಿನ ಕನಿಷ್ಠ ಹೊಣೆ ವಿಮೆ 7,50,000 ಡಾಲರ್. ಬ್ರೋಕರ್‌ಗಳು ಸಾಮಾನ್ಯವಾಗಿ 10 ಲಕ್ಷ ಕೇಳುತ್ತಾರೆ, ಜತೆಗೆ ಸರಕಿಗೆ 1 ಲಕ್ಷ. ಹೊಸ ಅಥಾರಿಟಿಗೆ ಪ್ರೀಮಿಯಂ ಮೊದಲ ಎರಡು ವರ್ಷ ಭಾರೀ. ಆದ್ದರಿಂದ ಅರ್ಜಿ ಹಾಕುವ ಮುಂಚೆ ವಿಮೆಯ ಕೊಟೇಷನ್ ತೆಗೆಯಿರಿ, ಅರ್ಜಿ ಹಾಕಿದ ಮೇಲಲ್ಲ.

ಬಿಒಸಿ-3 (ಕೋರ್ಟ್ ನೋಟಿಸ್ ಪಡೆಯುವ ಪ್ರತಿನಿಧಿಗಳ ನೇಮಕ), ಯುಸಿಆರ್ (ವಾರ್ಷಿಕ ನೋಂದಣಿ), ಐಆರ್‌ಪಿ ಪ್ಲೇಟು (ಹಲವು ರಾಜ್ಯಗಳಲ್ಲಿ ಓಡಲು), ಇಫ್ಟಾ (ರಾಜ್ಯವಾರು ಡೀಸೆಲ್ ತೆರಿಗೆಯ ಲೆಕ್ಕ), ಡ್ರಗ್ ಟೆಸ್ಟ್ ಕನ್ಸಾರ್ಷಿಯಂ (ಹಲವರನ್ನು ಸೇರಿಸಿ ಪರೀಕ್ಷೆ ಮಾಡಿಸುವ ಕೂಟ) ಎಲ್ಲವೂ ನಿಮ್ಮ ಹೆಸರಲ್ಲಿ ಆಗಬೇಕು. ಮೊದಲ 12 ತಿಂಗಳಲ್ಲಿ ಸುರಕ್ಷತಾ ಆಡಿಟ್ ಬರುತ್ತದೆ. ಒಬ್ಬನೇ ಡ್ರೈವರ್ ಎಂದು ಕನ್ಸಾರ್ಷಿಯಂ ಸೇರದೆ ಫೇಲಾದವರಿದ್ದಾರೆ. ನಿಮ್ಮ ಹೆಸರಿನ ಡ್ರೈವರ್ ಫೈಲನ್ನು ನೀವೇ ಇಟ್ಟಿರಬೇಕು.

ಬ್ರೋಕರ್ ಹಣ ಬರಲು 30ರಿಂದ 45 ದಿನ. ಅಷ್ಟರಲ್ಲಿ ಡೀಸೆಲ್ ಯಾರು ಹಾಕುತ್ತಾರೆ? ಮೇಲಿನ ಮಾದರಿಯಂತೆ ಆರು ವಾರದ ಡೀಸೆಲ್ ಒಂದೇ 9,240 ಡಾಲರ್. ಫ್ಯಾಕ್ಟರಿಂಗ್ ಮಾಡಿದರೆ, ಅಂದರೆ ಬಿಲ್ಲನ್ನು ಹಣಕಾಸು ಕಂಪನಿಗೆ ಮಾರಿ ಮುಂಚೆಯೇ ಹಣ ಪಡೆದರೆ, ಬಿಲ್ಲಿನ ನೂರಕ್ಕೆ 2ರಿಂದ 5 ಹೋಗುತ್ತದೆ. ಲಾಭವೇ ನೂರಕ್ಕೆ 20 ಇರುವ ಕಡೆ 4 ಕೊಟ್ಟರೆ ಲಾಭದ ಐದನೇ ಒಂದು ಪಾಲು ಕೊಟ್ಟಂತೆ. ರೀಕೋರ್ಸ್ ಎಂದು ಬರೆದಿದ್ದರೆ ಬ್ರೋಕರ್ ಕೈಯೆತ್ತಿದಾಗ ನಷ್ಟವೂ ನಿಮ್ಮದೇ. ಮೂರು ತಿಂಗಳ ಸ್ಥಿರ ಖರ್ಚು, ಒಂದು ದೊಡ್ಡ ರಿಪೇರಿಯ ಹಣ ಕೈಯಲ್ಲಿಲ್ಲದೆ ಅಥಾರಿಟಿಗೆ ಕೈಹಾಕಬೇಡಿ ಎಂಬುದು ನಮ್ಮ ಖಚಿತ ಸಲಹೆ.

ಲೋಡು ಆರಿಸುವಾಗ ಲೋಡಿನ ಮೈಲಿಯ ದರ ನೋಡಬೇಡಿ. 500 ಮೈಲಿಗೆ 2.60 ಡಾಲರ್ ಲೋಡು, ಆದರೆ ಎತ್ತಲು 250 ಮೈಲಿ ಖಾಲಿ ಹೋಗಬೇಕು: 1,300 ಡಾಲರ್ ಭಾಗಿಸು 750, ಮೈಲಿಗೆ 1.73. ಇನ್ನೊಂದು 620 ಮೈಲಿಗೆ 2.05, ಖಾಲಿ 20 ಮಾತ್ರ: 1,271 ಭಾಗಿಸು 640, ಮೈಲಿಗೆ 1.99. ಎರಡನೆಯದೇ ಮೇಲು. ಇಳಿಸಿದ ಜಾಗದಿಂದ ಹೊರಡುವ ಲೋಡೂ ಲೆಕ್ಕಕ್ಕೆ ಬರಬೇಕು. ಫ್ಲಾರಿಡಾಕ್ಕೆ ಹೋಗುವ ದರ ಚೆನ್ನಾಗಿರುವುದೇ ಅಲ್ಲಿಂದ ವಾಪಸ್ಸು ಲೋಡು ಕಡಿಮೆ ಎಂಬ ಕಾರಣಕ್ಕೆ. ವಸಂತದ ತರಕಾರಿ ಸುಗ್ಗಿ ಬಿಟ್ಟರೆ ಹೋಗಿಬರುವ ಎರಡನ್ನೂ ಕೂಡಿಸಿಯೇ ದರ ಮಾತಾಡಿ.

ಪ್ರಶ್ನೆ: ಗ್ಯಾಲನ್‌ಗೆ 6.5 ಮೈಲಿಗಿಂತ ಮೇಲೆ ಹೋಗುತ್ತಿಲ್ಲ. ಡೀಸೆಲ್ ಅಗ್ಗವಿರುವ ರಾಜ್ಯದಲ್ಲೇ ತುಂಬಿಸುತ್ತಿದ್ದೇನೆ, ಆದರೂ ಉಳಿತಾಯ ಕಾಣುತ್ತಿಲ್ಲ.
– ಇಂಡಿಯಾನಾಪೊಲಿಸ್

ಉತ್ತರ: ಅಗ್ಗ ಎಂದು ಪಂಪಿನ ಬೋರ್ಡ್ ನೋಡಿ ಹೇಳುತ್ತಿದ್ದೀರಿ. ಇಫ್ಟಾದಲ್ಲಿ ತೆರಿಗೆ ಬೀಳುವುದು ನೀವು ಓಡಿದ ರಾಜ್ಯಕ್ಕೆ, ತುಂಬಿಸಿದ ರಾಜ್ಯಕ್ಕಲ್ಲ. ಉದಾಹರಣೆಗೆ ಒಂದು ರಾಜ್ಯದಲ್ಲಿ ಬೋರ್ಡ್ ಬೆಲೆ 3.90, ಅದರಲ್ಲಿ ರಾಜ್ಯ ತೆರಿಗೆ 20 ಸೆಂಟ್. ಪಕ್ಕದ ರಾಜ್ಯದಲ್ಲಿ 4.05, ತೆರಿಗೆ 60 ಸೆಂಟ್. ತೆರಿಗೆ ಕಳೆದರೆ ಮೊದಲನೆಯದು 3.70, ಎರಡನೆಯದು 3.45. ಬೋರ್ಡಿನಲ್ಲಿ ದುಬಾರಿ ಕಂಡದ್ದೇ ಗ್ಯಾಲನ್‌ಗೆ 25 ಸೆಂಟ್ ಅಗ್ಗ. ತ್ರೈಮಾಸಿಕ ಲೆಕ್ಕದಲ್ಲಿ ಅದು ಸರಿಹೋಗುತ್ತದೆ.

ಮೈಲೇಜಿಗೆ ಮೊದಲ ಮದ್ದು ವೇಗ. 55ರ ಮೇಲೆ ಪ್ರತಿ 1 ಮೈಲಿ ವೇಗಕ್ಕೆ ಸುಮಾರು 0.1 ಮೈಲೇಜ್ ಕಳೆಯುತ್ತದೆ. 70ರ ಬದಲು 63ರಲ್ಲಿ ಹೋದರೆ 6.5 ಇದ್ದದ್ದು 7.2 ಆಗಬಹುದು. 2,500 ಮೈಲಿಯ ವಾರಕ್ಕೆ ಸುಮಾರು 37 ಗ್ಯಾಲನ್, 4 ಡಾಲರ್ ದರದಲ್ಲಿ ಸುಮಾರು 150 ಡಾಲರ್ ಉಳಿತಾಯ. ಎರಡನೆಯದು ಐಡಲ್. ನಿಂತ ಎಂಜಿನ್ ಗಂಟೆಗೆ ಸುಮಾರು 0.8 ಗ್ಯಾಲನ್ ಕುಡಿಯುತ್ತದೆ. ರಾತ್ರಿ 10 ಗಂಟೆಯಂತೆ ಐದು ರಾತ್ರಿಗೆ 40 ಗ್ಯಾಲನ್. ಮೇಲಾಗಿ ಐಡಲ್‌ನ ಮಸಿ ಡಿಪಿಎಫ್ ತುಂಬಿಸಿ ರೀಜೆನ್ ಹೆಚ್ಚಿಸುತ್ತದೆ, ರೀಜೆನ್ ಮತ್ತೆ ಡೀಸೆಲ್ ಸುಡುತ್ತದೆ. ಬಂಕ್ ಹೀಟರ್ (ಮಲಗುವ ಜಾಗ ಬಿಸಿಮಾಡುವ ಒಲೆ) ಅಥವಾ ಎಪಿಯು (ಕ್ಯಾಬಿನ್ನಿಗೆ ವಿದ್ಯುತ್ ಕೊಡುವ ಚಿಕ್ಕ ಯಂತ್ರ) ಹಾಕಿಸಿದರೆ ಅದರ ಹಣ ಇಲ್ಲಿಂದಲೇ ವಾಪಸ್ಸು ಬರುತ್ತದೆ. ಟೈರ್ ಗಾಳಿಯನ್ನು ಬೆಳಿಗ್ಗೆ ಗಾಡಿ ಕದಲುವ ಮುಂಚೆ ಗೇಜ್ ಹಚ್ಚಿ ನೋಡಿ. ಕೋಲಿನಿಂದ ಕುಟ್ಟಿದರೆ 20 ಪೌಂಡ್ ಕಡಿಮೆ ಇರುವುದು ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಟ್ರಕ್ ಓಡಿಸುತ್ತಾರೆ, ಮನೆಯ ಲೆಕ್ಕ ನನ್ನದು. ಏಪ್ರಿಲ್ ಬಂದರೆ ತೆರಿಗೆ ಕಟ್ಟಲು ಸಾಲ ಮಾಡುವ ಹಾಗಾಗಿದೆ. ಎಲ್ಲಿ ತಪ್ಪುತ್ತಿದ್ದೇನೆ?
– ಎಡಿಸನ್, ನ್ಯೂಜೆರ್ಸಿ

ಉತ್ತರ: ವರ್ಷಕ್ಕೊಮ್ಮೆ ಕಟ್ಟುವುದೇ ತಪ್ಪು, ತಾಯಿ. ಗುತ್ತಿಗೆ ಚಾಲಕರಿಗೆ ಯಾರೂ ತೆರಿಗೆ ಹಿಡಿದು ಕೊಡುವುದಿಲ್ಲ. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15, ಹೀಗೆ ನಾಲ್ಕು ಸಲ ಅಂದಾಜು ತೆರಿಗೆ ಕಟ್ಟಬೇಕು. ತಡವಾದರೆ ದಂಡ. ಆದಾಯ ತೆರಿಗೆಯಲ್ಲದೆ ಸ್ವಯಂ ಉದ್ಯೋಗ ತೆರಿಗೆ 15.3 ಪ್ರತಿಶತ ಇದೆ. ಅದು ನಿವ್ವಳ ಲಾಭದ 92.35 ಪ್ರತಿಶತದ ಮೇಲೆ ಬೀಳುತ್ತದೆ. ಪ್ರತಿ ಸೆಟಲ್‌ಮೆಂಟ್ ಬಂದ ದಿನವೇ, ಖರ್ಚು ಕಳೆದು ಉಳಿದದ್ದರಲ್ಲಿ ಕಾಲು ಭಾಗವನ್ನು ಬೇರೆ ಖಾತೆಗೆ ಹಾಕಿಬಿಡಿ. ಮನೆ ಖರ್ಚಿಗೆ ಆ ಕಾರ್ಡ್ ಮುಟ್ಟಬೇಡಿ.

ಬಹಳ ಮಂದಿ ಬಿಟ್ಟುಬಿಡುವುದು ಊಟದ ಪರ್ ಡೀಮ್, ಅಂದರೆ ದಿನಕ್ಕಿಷ್ಟು ಎಂದು ಆದಾಯದಿಂದ ಕಳೆಯುವ ಊಟದ ಖರ್ಚು. ಮನೆಯಿಂದ ಹೊರಗೆ ರಾತ್ರಿ ಕಳೆದ ದಿನಕ್ಕೆ 2024ರ ಅಕ್ಟೋಬರ್‌ನಿಂದ 80 ಡಾಲರ್ ದರ ಇದೆ. ಅದರಲ್ಲಿ 80 ಪ್ರತಿಶತ, ಅಂದರೆ 64 ಡಾಲರ್, ಟ್ರಕ್ ಚಾಲಕರಿಗೆ ಕಳೆಯಬಹುದು. ಪೂರ್ತಿ 240 ದಿನಕ್ಕೆ 15,360 ಡಾಲರ್. ಹೊರಟ ದಿನ, ಮರಳಿದ ದಿನ ಮುಕ್ಕಾಲು ಲೆಕ್ಕ. ಊಟದ ಬಿಲ್ ಬೇಡ, ಆದರೆ ಯಾವ ರಾತ್ರಿ ಎಲ್ಲಿದ್ದರೆಂಬ ದಾಖಲೆ ಬೇಕು. ಇಎಲ್‌ಡಿ ಲಾಗನ್ನು ತಿಂಗಳಿಗೊಮ್ಮೆ ಇಳಿಸಿಕೊಂಡು ಇಡಿ, ಕಂಪನಿ ಬಿಟ್ಟ ಮೇಲೆ ಅದು ಸಿಗುವುದು ಕಷ್ಟ. ಪಂಪಿನ ರಸೀದಿಗಳನ್ನು ಅಂದೇ ಫೋಟೊ ತೆಗೆದಿಡಿ. ಬಿಸಿಲಿಗೆ ಆ ಕಾಗದದ ಅಕ್ಷರ ಅಳಿಸಿಹೋಗುತ್ತದೆ. ಯಜಮಾನರ ಸ್ವಂತ ದುಡಿಮೆಗೆ ಕೂಲಿ ಹಾಕಿ ಕಳೆಯುವಂತಿಲ್ಲ, ಖಾಲಿ ಓಡಿದ ಮೈಲಿಗೆ "ನಷ್ಟ" ಎಂದೂ ಬರೆಯುವಂತಿಲ್ಲ. ಹೆವಿ ವೆಹಿಕಲ್ ತೆರಿಗೆಯ 2290 ಫಾರಂ, 550 ಡಾಲರ್, ಆಗಸ್ಟ್ 31ರೊಳಗೆ ಹೋಗಲಿ. ಅದರ ಮುದ್ರೆ ಬಿದ್ದ ಪ್ರತಿಯಿಲ್ಲದೆ ಪ್ಲೇಟು ನವೀಕರಣ ಆಗುವುದಿಲ್ಲ.

ಪ್ರಶ್ನೆ: ಗೋದಾಮಿನಲ್ಲಿ ಐದು ಗಂಟೆ ಕಾಯಿಸಿದರೂ ಡಿಟೆನ್ಷನ್ (ಕಾಯಿಸಿದ್ದಕ್ಕೆ ಕೊಡುವ) ಹಣ ಸಿಗುತ್ತಿಲ್ಲ.
– ಮೆಂಫಿಸ್

ಉತ್ತರ: ಬ್ರೋಕರ್ ಕೊಡುವ ದರದ ಒಪ್ಪಂದ ಪತ್ರ, ಅಂದರೆ ರೇಟ್ ಕನ್ಫರ್ಮೇಷನ್‌ನಲ್ಲಿ ಗಂಟೆಗೆ ಎಷ್ಟು, ಎಷ್ಟು ಗಂಟೆಯ ನಂತರ ಎಂದು ಬರೆದಿರದಿದ್ದರೆ ಕೇಳುವ ಹಕ್ಕೇ ದುರ್ಬಲ. ಸಾಮಾನ್ಯವಾಗಿ ಮೊದಲ ಎರಡು ಗಂಟೆ ಪುಕ್ಕಟೆ. ಎರಡು ಗಂಟೆ ಮುಗಿಯಲು ಅರ್ಧ ಗಂಟೆ ಇರುವಾಗಲೇ ಬ್ರೋಕರ್‌ಗೆ ಬರಹದ ಸಂದೇಶ ಕಳಿಸಿ. ಒಳಗೆ ಬಂದ ಸಮಯ, ಹೊರಟ ಸಮಯ ಎರಡನ್ನೂ ಬಿಲ್ ಆಫ್ ಲೇಡಿಂಗ್ (ಸರಕಿನ ರಸೀದಿ) ಮೇಲೆ ಗೋದಾಮಿನವರ ಸಹಿಯೊಂದಿಗೆ ಬರೆಸಿ. ಅಪಾಯಿಂಟ್‌ಮೆಂಟ್‌ಗೆ ಹತ್ತು ನಿಮಿಷ ತಡವಾಗಿ ಹೋಗಿದ್ದರೂ ಅದನ್ನೇ ನೆಪ ಮಾಡುತ್ತಾರೆ.

ಹಣಕ್ಕಿಂತ ದೊಡ್ಡ ನಷ್ಟ ನಿಮ್ಮ 14 ಗಂಟೆಯ ಗಡಿಯಾರ, ಡ್ಯೂಟಿ ಶುರುವಾಗಿ ಅಷ್ಟು ಹೊತ್ತಾದ ಮೇಲೆ ಓಡಿಸುವಂತಿಲ್ಲ. ಕಾಯುವಾಗ ಕೆಲಸದ ಹೊಣೆಯಿಂದ ಪೂರ್ತಿ ಬಿಡುವಿದ್ದರೆ, ಲಾಗ್‌ನಲ್ಲಿ ಸತತ ಮೂರು ಗಂಟೆ ಆಫ್ ಡ್ಯೂಟಿ ಅಥವಾ ಸ್ಲೀಪರ್ (ಕ್ಯಾಬಿನ್ನಿನ ಮಲಗುವ ಜಾಗ) ಹಾಕಿ, ಆಮೇಲೆ ಸ್ಲೀಪರ್‌ನಲ್ಲಿ ಸತತ ಏಳು ಗಂಟೆ ಜೋಡಿಸಿ. 2020ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಈ ಎರಡು ವಿರಾಮಗಳೂ 14 ಗಂಟೆಯ ಲೆಕ್ಕದಿಂದ ಹೊರಗುಳಿಯುತ್ತವೆ. ನಡುವೆ ಡಾಕ್‌ಗೆ ಹೋಗಲು ಗಾಡಿ ಕದಲಿಸಿದರೆ ಮೂರು ಗಂಟೆಯ ಎಣಿಕೆ ಮುರಿಯುತ್ತದೆ, ಮತ್ತೆ ಮೊದಲಿನಿಂದ ಎಣಿಸಬೇಕು.